ಕೆಳಗೆ ಪಬ್, ಮೇಲೆ ಶ್ರಾವಣ ಸೋಮವಾರ

ನಾನು ಬೆಳೆದದ್ದು ಒಂದು ಪಬ್ಬಿನ ನೆತ್ತಿಯ ಮೇಲೆ. ಹೀಗೆಂದ ಕೂಡಲೇ ಸಿಂಗಾಪುರದ ಸೆಂಗ್‌ಕಾಂಗಿನ ನಮ್ಮ ಕನ್ನಡದ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಣೆ ತುಂಬ ವಿಭೂತಿ ಹಚ್ಚುವ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಮನೆತನದವಳು ಹೀಗೆಲ್ಲ ಹೇಳಬಾರದು ಎಂಬುದು ಅವರ ಭಾವನೆ. ಹೇಳಬಾರದೇಕೆ? ನನಗೆ ಹೇಳಲು ಬಲು ಖುಷಿ! ಮೊನ್ನೆ ಮಗಳನ್ನು ಆ ಇಳಿಜಾರು ಬೀದಿಗೆ ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿದೆ. ಅವಳು ದಾರಿಯಲ್ಲೇ ನಿಂತು, ಮಾತಿನ ತುದಿಗೆ ಇಲ್ಲಿಯವರ 'ಲಾ' ಅಂಟಿಸಿ ಕೂಗಿದಳು.

"ಸೀರಿಯಸ್ಲಿ ಮಮ್ಮಿ? ನೀನು ಇಲ್ಲಿ ಇದ್ದಿದ್ದಾ? ಸೋ ಕೂಲ್ ಲಾ! ಮತ್ತೆ ನನ್ನ ಯಾಕೆ ಆ ಬೋರಿಂಗ್ ಕಾಂಡೋದಲ್ಲಿ ಬೆಳೆಸಿದೆ?"

ಐವತ್ತು ದಾಟಿದ ನಾನೂ ಕತ್ತು ಮೇಲೆತ್ತಿ, ಶಾಲೆ ಬಿಟ್ಟು ಓಡಿಬಂದ ಹುಡುಗಿಯಂತೆ ಏದುಸಿರು ಬಿಡುತ್ತ ನಿಂತಿದ್ದೆ. ಪಬ್ಬಿನ ಹೆಸರು ಬದಲಾಗಿತ್ತು. ನಾವಿದ್ದ ಮಹಡಿಯಲ್ಲಿ ಯಾವುದೋ ಡಿಸೈನ್ ಕಂಪನಿಯ ಆಫೀಸು ಬಂದಿತ್ತು. ಆದರೆ ಮುಖ ಮಾತ್ರ ಅದೇ! ಲಂಡನ್ನಿನಲ್ಲಿ ಜಾರ್ಜ್ ಎಂಬ ಹೆಸರಿನ ದೊರೆಗಳು ಒಬ್ಬರಾದ ಮೇಲೊಬ್ಬರು ಆಳುತ್ತಿದ್ದ ಕಾಲದಲ್ಲಿ ಕಟ್ಟುತ್ತಿದ್ದ ಸಾಲುಮನೆಗಳನ್ನು ಕಂಡು ಬಂದ ಯಾರೋ ವ್ಯಾಪಾರಿ, ನನಗೂ ಅಂಥದ್ದೇ ಬೇಕು ಎಂದು ಇಲ್ಲಿಯ ಮೇಸ್ತ್ರಿಗಳಿಗೆ ಹೇಳಿರಬೇಕು. ಮೇಸ್ತ್ರಿಗಳು ಹೂಂ ಎಂದು ತಮಗೆ ತಿಳಿದಂತೆ ಕಟ್ಟಿದರು. ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳು, ಗೋಡೆಯಲ್ಲೇ ಅರ್ಧ ಹೂತ ಚಪ್ಪಟೆ ಕಂಬಗಳು, ಅಳೆದು ಇಟ್ಟಂಥ ಎತ್ತರದ ಕಿಟಕಿಗಳು, ಬಾಗಿಲ ತಲೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಅರ್ಧ ದುಂಡಗಿನ ಗಾಜು. ಇಷ್ಟು ಇಂಗ್ಲಿಷರದು. ಕಿಟಕಿಗೆ ಮಲಯ ಮನೆಗಳ ಪಟ್ಟಿಪಟ್ಟಿ ಹಲಗೆಯ ಬಾಗಿಲು, ಅದರ ಕೆಳಗೆ ಚೀನೀಯರ ಹೂವಿನ ಹಂಚು. ಎಲ್ಲಕ್ಕಿಂತ ಕೆಳಗೆ, ಬೀದಿಯ ಉದ್ದಕ್ಕೂ ಮಳೆ ಬಿಸಿಲು ತಾಗದ ಹಾಗೆ ಜನ ಓಡಾಡಲು ಬಿಟ್ಟ ಐದಡಿಯ ಜಗಲಿ. ಫೈವ್ ಫುಟ್ ವೇ ಎಂದೇ ಅದರ ಹೆಸರು. ಅಲ್ಲಿ ಎಡಕ್ಕೆ ಪಬ್ಬಿನ ದೊಡ್ಡ ಬಾಗಿಲು, ಬಲಕ್ಕೆ ನಮ್ಮ ಸಣ್ಣ ಬಾಗಿಲು. ನಮ್ಮದನ್ನು ತೆರೆದರೆ ನೇರ ಮೆಟ್ಟಿಲು, ಏಣಿಯೊಂದಕ್ಕೆ ಮೆಟ್ಟಿಲೆಂದು ಹೆಸರಿಟ್ಟ ಹಾಗೆ ಕಡಿದಾದದ್ದು.

ಮೇಲೆ ಹತ್ತಿದರೆ ಉದ್ದ, ಉದ್ದ, ಉದ್ದ! ಮುಂದೆ ನಿಂತು ಕೂಗಿದರೆ ಹಿಂದಿನ ಅಡಿಗೆಮನೆಯಲ್ಲಿದ್ದ ಅಮ್ಮನಿಗೆ ಕೇಳುತ್ತಿರಲಿಲ್ಲ. ಅಗಲ ಮಾತ್ರ ಎರಡು ಮಂಚ ಅಡ್ಡ ಹಾಕಿದರೆ ಮುಗಿಯಿತು. ನೆಲ ಪೂರ್ತಿ ಮರದ ಹಲಗೆ. ಅದರ ಮೇಲೆ ಅಲ್ಲಲ್ಲಿ ಗೆರೆ ಎಳೆದಂಥ ಕಪ್ಪು ಗುರುತುಗಳಿದ್ದವು. ಒಂದು ಕಾಲಕ್ಕೆ ಆ ಮಹಡಿಯನ್ನು ಹಲಗೆಯಿಂದ ಗೂಡು ಗೂಡಾಗಿ ಸೀಳಿ, ಗೂಡಿಗೊಂದು ಸಂಸಾರದಂತೆ ಬಾಡಿಗೆಗೆ ಕೊಡುತ್ತಿದ್ದರಂತೆ. ಆ ಗೆರೆಗಳೇ ನನ್ನ ಆಟದ ಊರು. ಈ ಗೂಡಿನಲ್ಲಿ ದರ್ಜಿ, ಆ ಗೂಡಿನಲ್ಲಿ ಹಾಡುವವಳು, ಮೂಲೆಯಲ್ಲಿ ಕಳ್ಳ ಎಂದು ಒಬ್ಬಳೇ ಕುಣಿಯುತ್ತಿದ್ದೆ. ಮನೆಯ ನಡುಮಧ್ಯದಲ್ಲಿ ಆಕಾಶಕ್ಕೆ ಬಾಯಿ ತೆರೆದ ಬಾವಿಯಂಥ ಜಾಗ. ಬೆಳಕು, ಗಾಳಿ, ಮಳೆ ಮೂರೂ ಅಲ್ಲಿಂದಲೇ ಇಳಿದು ನಮ್ಮನ್ನು ದಾಟಿ ಪಬ್ಬಿನ ಹಿತ್ತಲಿಗೆ ಬೀಳುತ್ತಿದ್ದವು. "ನಮ್ಮೂರಿನ ಬೆಳಕಿಂಡಿಗೆ ಇದು ಮುತ್ಯಾ" ಎಂದು ಅಪ್ಪ ಅದಕ್ಕೆ ಅಜ್ಜನ ಪಟ್ಟ ಕೊಟ್ಟಿದ್ದರು. ಕೆಳಗಿನಿಂದ ಹುರಿದ ಶೇಂಗಾದ ಮತ್ತು ಬಿಯರಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಮೇಲಿನಿಂದ ಅಮ್ಮ ರೊಟ್ಟಿ ಬಡಿಯುವ ಸದ್ದು ಕೆಳಕ್ಕೆ ಹೋಗುತ್ತಿತ್ತು. ಇಂಡಿಯಾದ ಫ್ಯಾಮಿಲಿ ದಿನಾ ಸಂಜೆ ತಬಲಾ ಅಭ್ಯಾಸ ಮಾಡುತ್ತದೆ ಎಂದು ಪಬ್ಬಿನ ಗಿರಾಕಿಗಳು ಬಹಳ ದಿನ ನಂಬಿದ್ದರು.

ಆದರೆ ಆ ಮನೆಯ ರತ್ನವೆಂದರೆ ಮುಂದಿನ ಕೋಣೆಯ ಮೂಲೆಯಲ್ಲಿ, ನೆಲದಲ್ಲೇ ಕೊರೆದಿದ್ದ ಒಂದು ಚೌಕದ ತೂತು. ಅದಕ್ಕೊಂದು ಮರದ ಮುಚ್ಚಳ. ಮುಚ್ಚಳ ತೆಗೆದು ಬೋರಲು ಮಲಗಿದರೆ ಕೆಳಗೆ ಬಾಗಿಲು ತಟ್ಟುತ್ತಿರುವವರ ನಡುನೆತ್ತಿ ಕಾಣುತ್ತಿತ್ತು. ಬಂದವರು ನೆಂಟರೋ ಕಳ್ಳರೋ ಎಂದು ಮೆಟ್ಟಿಲಿಳಿಯದೆ ತಿಳಿಯಲು ಹಳೆಯ ಕಾಲದವರು ಮಾಡಿಸಿಕೊಂಡ ಉಪಾಯ. ನನಗೆ ಅದೇ ಟೀವಿ, ಅದೇ ಸಿನಿಮಾ. ಮುಖ ನೋಡದೆ ಬೋಳುತಲೆಯಿಂದಲೇ ಜನರನ್ನು ಗುರುತಿಸುವ ವಿದ್ಯೆ ನನಗೆ ಸಿದ್ಧಿಸಿದ್ದು ಆಗ.

ಅಮ್ಮನಿಗೆ ಆ ಮನೆಯ ಹುಚ್ಚು ನನಗಿಂತ ಹೆಚ್ಚು. ಮದುವೆಯಾಗಿ ಬಾಗಲಕೋಟೆಯ ತುಂಬಿದ ಮನೆಗೆ ಬಂದವಳು, ಓರಗಿತ್ತಿಯರ ನಡುವೆ ತನ್ನದೊಂದು ಡಬ್ಬಿಗೂ ಜಾಗವಿಲ್ಲದೆ ಇದ್ದವಳು. ಇಲ್ಲಿ ಬಾವಿಬೆಳಕಿನ ಪಕ್ಕದ ಅಡಿಗೆಮನೆ ಪೂರ್ತಿ ಅವಳದು. ಒಗ್ಗರಣೆ ಹಾಕುತ್ತ ತಲೆಯೆತ್ತಿದರೆ ಮೋಡ ಕಾಣುತ್ತಿತ್ತು. ಮಳೆ ಬಂದರೆ ಸೌಟು ಹಿಡಿದುಕೊಂಡೇ ಕೈ ಚಾಚಿ ಹನಿ ಹಿಡಿಯುತ್ತಿದ್ದಳು, ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡುತ್ತಿದ್ದಳು. ನೋಡಲು ಅಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದರು?

ತೊಂದರೆ ಎದ್ದದ್ದು ಮನೆಯ ಬಾಡಿಗೆ ಕರಾರು ಮುಗಿಯುವ ಹೊತ್ತಿಗೆ. ಅಪ್ಪನಿಗೆ ಟುವಾಸಿನ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಕೆಲಸ. ಊರಿನ ಈ ತುದಿಯಿಂದ ಆ ತುದಿಗೆ ಹೋಗಿಬಂದು ಹೈರಾಣಾಗಿದ್ದರು. ಫ್ಯಾಕ್ಟರಿಗೆ ಹತ್ತಿರವಾಗುವ ಬುಕಿತ್ ಬಾಟೋಕಿನಲ್ಲಿ ಒಂದು ಫ್ಲ್ಯಾಟ್ ನೋಡಿಕೊಂಡು ಬಂದರು. ಅಮ್ಮ ಅಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಅಪ್ಪನಿಗೆ ಅದು ಅರ್ಥವಾಯಿತೋ ಏನೋ, ತೀರ್ಮಾನವನ್ನು ತಮ್ಮ ತಲೆಯ ಮೇಲಿಂದ ಇಳಿಸಿಬಿಟ್ಟರು.

"ಹೆಂಗೂ ಅವ್ವ ಬರಾಕತ್ತಾಳ. ಆಕಿ ನೋಡಿ ಏನ್ ಹೇಳ್ತಾಳೋ ಹಂಗ."

ಅವ್ವ ಎಂದರೆ ಅಪ್ಪನ ತಾಯಿ, ನನಗೆ ಆಯಿ. ನಮ್ಮ ಮನೆತನದಲ್ಲಿ ಆಯಿ ಹೂಂ ಅನ್ನದೆ ಯಾರೂ ಹೊಸ ಮನೆ ಹೊಕ್ಕವರಿಲ್ಲ. ಹೆಂಡದಂಗಡಿಯ ಮೇಲಿನ ಮನೆಗೆ ಆಯಿ ಹೂಂ ಅನ್ನುವುದುಂಟೇ! ಹಾಗಾಗಿ ಪಬ್ಬನ್ನು ಮುಚ್ಚಿಡಬೇಕೆಂದು ಅಮ್ಮ ನಿರ್ಧರಿಸಿದಳು. ಇಷ್ಟು ದೊಡ್ಡ ಪಬ್ಬನ್ನು! ಹಗಲೆಲ್ಲ ಅದರ ಬಾಗಿಲು ಹಾಕಿರುತ್ತಿತ್ತು, ಆಯಿ ಹೊರಗೆ ಹೋಗುವುದು ಬೆಳಿಗ್ಗೆ ಗುಡಿಗೆ ಮಾತ್ರ, ಸಂಜೆಗತ್ತಲಲ್ಲಿ ಕಡಿದಾದ ಮೆಟ್ಟಿಲಿಗೆ ಹೆದರಿ ಇಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಕೇಳಿದರೆ ಹೊಟೇಲ್ ಎನ್ನುವ ಹೊಣೆಯನ್ನು ಅಪ್ಪನಿಗೆ ಹೊರಿಸಿದಳು; ಸಂಜೆ ಆಯಿಯನ್ನು ಹಿಂದಿನ ಕೋಣೆಯಲ್ಲಿ ಕಥೆ ಹೇಳಲು ಹಚ್ಚಿ ಕೂಡಿಸುವ ಹೊಣೆ ನನ್ನದು. ನನಗಂತೂ ಪೊಲೀಸು ಕಳ್ಳರ ಆಟಕ್ಕೆ ಸೇರಿಸಿಕೊಂಡಷ್ಟು ಸಂಭ್ರಮ. ಆಯಿ ಬಂದ ದಿನವೇ ಬಾಗಿಲಲ್ಲಿ ನಿಂತು, ಪಬ್ಬಿನ ಕುದುರೆಯ ಚಿತ್ರದ ಬೋರ್ಡನ್ನು ನೋಡಿ ಅಪ್ಪನನ್ನು ಕೇಳಿದಳು.

"ಇದೇನು ಶಿವೂ, ಕುದರಿ ಚಿತ್ರ? ಏನ್ ಅಂಗಡಿ ಇದು?"

"ಹೊಟೇಲ್ ಐತಿ ಬೇ."

"ಹೊಟೇಲ್ ಅಂತೀ, ಮುಂಜಾನೆ ಬಾಗಲಾ ಹಾಕ್ಯಾರಲ್ಲ?"

"ಇಲ್ಲಿ ಮಂದಿ ನಾಷ್ಟಾ ಮನ್ಯಾಗ ಮಾಡ್ತಾರ."

ಸಿಂಗಾಪುರದಲ್ಲಿ ಮನೆಯಲ್ಲಿ ನಾಷ್ಟಾ ಮಾಡುವವರು! ಬೀದಿಯ ಎದುರಿಗೇ ಹಾಕರ್ ಸೆಂಟರಿನಲ್ಲಿ ಊರಿಗೆ ಊರೇ ಕೂತು ಬೆಳಗಿನ ನೂಡಲ್ಸ್ ತಿನ್ನುತ್ತಿತ್ತು. ಪುಣ್ಯಕ್ಕೆ ಆಯಿ ಆ ಕಡೆ ತಿರುಗಲಿಲ್ಲ. ಬಿಯರಿನ ವಾಸನೆಯೂ ನಮ್ಮನ್ನು ಕಾಪಾಡಿತು. ಜನ್ಮದಲ್ಲಿ ಅದನ್ನು ಮೂಸಿರದ ಆಯಿ, ಬಾವಿಬೆಳಕಿನ ಹತ್ತಿರ ನಿಂತು ಮೂಗೇರಿಸಿ, ಮೆಚ್ಚಿ ತಲೆದೂಗಿದಳು.

"ಹಿಟ್ಟು ಛಲೋ ಹುಳಿ ಬಿಡ್ತಾರ ನೋಡು. ಹಿಂಗ ಹುಳಿ ಬಂದ್ರನ ದ್ವಾಸಿ ಬಾಯಾಗಿಟ್ರ ಕರಗತಾವ."

ಅಮ್ಮ ನಗು ತಡೆಯಲಾರದೆ ಬಚ್ಚಲಿಗೆ ಓಡಿದಳು. ಹೀಗೆ ಆಷಾಢ ಸುಖವಾಗಿ ಕಳೆಯಿತು. ಆಯಿಗೆ ಮನೆ ಹಿಡಿಸಿಯೂ ಹಿಡಿಸಿತು. ಗಾಳಿ ಐತಿ, ಬೆಳಕು ಐತಿ, ಗೋಡೆ ದಪ್ಪ ಐತಿ ಎಂದಳು. ಅವಳ ತಕರಾರು ಒಂದೇ: ನೆಲ. ಬಾಗಲಕೋಟೆಯ ಮನೆಗೆ ಶಹಾಬಾದ್ ಕಲ್ಲಿನ ಹಾಸು. ವಾರಕ್ಕೊಮ್ಮೆ ಕೊಡಗಟ್ಟಲೆ ನೀರು ಸುರಿದು, ಕಸಬರಿಗೆಯಿಂದ ಗಸಗಸ ತಿಕ್ಕಿ, ಮೂಲೆಯ ತೂತಿನಿಂದ ಹೊರಗೆ ದಬ್ಬಿದರೇ ಅದು ತೊಳೆದಂತೆ. ಇಲ್ಲಿ ಅಮ್ಮ ಒದ್ದೆ ಬಟ್ಟೆಯಿಂದ ಒರೆಸುವುದನ್ನು ನೋಡಿ ಆಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಇದೇನ್ ಸ್ವಚ್ಛ ಮಾಡೂದು? ಮಕ್ಕಳ ಮೂಗು ಒರಸಿಧಂಗ!"

"ಅತ್ತ್ಯಾರ, ಕಟಗಿ ನೆಲಾರೀ ಇದು. ನೀರ ಹಾಕಬಾರದು."

"ಕಟಗಿ ನೀರಾಗ ಹಾಕಿದ್ರ ತೇಲತೈತಿ, ಸಾಯಾಂಗಿಲ್ಲ."

ಶ್ರಾವಣದ ಮೊದಲ ಸೋಮವಾರ ಬಂತು. ಅಂದು ಆಯಿಗೆ ಒಪ್ಪತ್ತು. ಬೆಳಿಗ್ಗೆ ದೊಡ್ಡ ಪೂಜೆ, ಸಂಜೆ ಒಂದೇ ಊಟ. ಒರೆಸಿದ ನೆಲದ ಮೇಲೆ ಕೂತು ಪೂಜೆ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ. ಅಪ್ಪ ಕೆಲಸಕ್ಕೆ ಹೋದರು, ಅಮ್ಮ ಸ್ನಾನಕ್ಕೆ ಹೋದಳು. ಆಯಿ ಸೀರೆಯ ಕಚ್ಚೆ ಬಿಗಿದಳು! ನಾನು ಎದ್ದು ಬರುವಷ್ಟರಲ್ಲಿ ಮುಂದಿನ ಕೋಣೆ ಕೆರೆಯಾಗಿತ್ತು. ಕಿಟಕಿಯ ಪಟ್ಟಿಗಳಿಂದ ಬಿದ್ದ ಬಿಸಿಲು ನೀರಿನಲ್ಲಿ ಕುಣಿದು ಛಾವಣಿಯ ತುಂಬ ಹೊಳೆಯುತ್ತಿತ್ತು. ನಾನು ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದೆ. ಆಯಿ ಬಗ್ಗಿ ಕಸಬರಿಗೆಯಿಂದ ನೀರನ್ನು ಅಟ್ಟಿಕೊಂಡು ಹೋಗುತ್ತ, ಮೂಲೆಯ ಮುಚ್ಚಳವನ್ನು ಕಂಡಳು. ಎತ್ತಿ ನೋಡಿದಳು. ತೂತು! ಅವಳ ಮುಖ ಅರಳಿತು.

"ನೋಡು, ನೀರ ಹೋಗಾಕ ದಾರಿ ಮಾಡ್ಯಾರ. ಕಟ್ಟಿದವ್ರು ಶಾಣ್ಯಾರು, ನಿಮ್ಮವ್ವಗ ತಿಳೀಲಿಲ್ಲ."

ಎಂದವಳೇ ಇಡೀ ಕೆರೆಯನ್ನು ಒಂದೇ ಬೀಸಿಗೆ ಆ ತೂತಿಗೆ ದಬ್ಬಿದಳು. ಕೆಳಗೆ ನಮ್ಮ ಬಾಗಿಲ ಮುಂದೆ ಪಬ್ಬಿನ ಮಾಲೀಕರಾದ ವಿನ್ಸೆಂಟ್ ಅಂಕಲ್ ನಿಂತು ಅಂದಿನ ಬಿಯರಿನ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದರು. ಮೊದಲು ಒಂದು ಚೀತ್ಕಾರ ಕೇಳಿಸಿತು. ಆಮೇಲೆ ಮೆಟ್ಟಿಲ ಮೇಲೆ ಧಡಧಡ. ಬಾಗಿಲಲ್ಲಿ ಚಡ್ಡಿ ಬನಿಯನ್ನಿನ ಆ ಚೀನೀ ಗೃಹಸ್ಥರು ತೊಯ್ದು ತೊಪ್ಪೆಯಾಗಿ, ಕೂದಲಿಗೆ ಕಸಬರಿಗೆಯ ಕಡ್ಡಿ ಸಿಕ್ಕಿಸಿಕೊಂಡು ನಿಂತಿದ್ದರು.

"ಆಂಟಿ! ವಾಟರ್ ಲಾ! ಮೈ ಹೆಡ್, ಮೈ ಬಾರ್, ಎವ್ರಿವೇರ್ ವಾಟರ್!"

ಆಯಿಗೆ ಮಾತು ತಿಳಿಯಲಿಲ್ಲ, ಆದರೆ ತೊಯ್ದ ಮನುಷ್ಯ ಕಂಡ. ಪೂಜೆಗೆ ಉಡಲೆಂದು ಇಟ್ಟಿದ್ದ ಮಡಿಯ ಸೀರೆಯ ಪಕ್ಕದಲ್ಲಿದ್ದ ಒಣ ಟವೆಲನ್ನೇ ಎತ್ತಿ ಅವರ ಕೈಗೆ ಕೊಟ್ಟಳು. ಅಷ್ಟರಲ್ಲಿ ಒದ್ದೆ ತಲೆಯಲ್ಲೇ ಓಡಿಬಂದ ಅಮ್ಮ ಬಾಗಿಲ ಹತ್ತಿರ ಕಲ್ಲಾಗಿ ನಿಂತಳು.

"ಇಂವ ಏನಂತಾನ, ಸುಮಂಗಲಾ?"

"ಹಲಗಿ ಸಂದಿನಾಗ ನೀರ ಇಳದು ಅವ್ರ ಅಂಗಡ್ಯಾಗ ಬಿದ್ದೈತಂತ್ರೀ. ನಾ ಹೋಗಿ ಒರಸಿ ಬರ್ತೀನಿ, ನೀವು ಪೂಜಾಕ್ಕ ಕೂಡ್ರಿ."

"ಚೆಲ್ಲಿದಾಕಿ ನಾನು. ಮಂದಿ ಮನ್ಯಾಗ ಹೊಲಸು ಚೆಲ್ಲಿ ಸೊಸಿ ಕೈಲೆ ಒರಸಾಕ ಹಚ್ಚಲೇನು?"

ಬೇಡವೆಂದರೂ ಕೇಳದೆ, ಬಟ್ಟೆ ಹಿಡಿದು, ಗೋಡೆ ಆತುಕೊಂಡು ಆಯಿ ಮೆಟ್ಟಿಲಿಳಿದಳು. ಹಿಂದೆ ಅಮ್ಮ, ಅವಳ ಹಿಂದೆ ನಾನು. ನನಗೂ ಒಳಗಿನ ಪಬ್ಬನ್ನು ನೋಡುವ ಯೋಗ ಮೊದಲ ಸಲ ಬಂದದ್ದು! ಹೆದರಿಕೆಯ ನಡುವೆಯೂ ಕಣ್ಣು ಬಿಟ್ಟುಕೊಂಡು ನೋಡಿದೆ. ನಮ್ಮ ನೆಲವೇ ಅಲ್ಲಿಯ ಸೂರು. ಕರಿ ತೊಲೆಗಳ ನಡುವಿನಿಂದ ನಮ್ಮ ನೀರು ಹನಿಹನಿಯಾಗಿ ಇಳಿದು, ಗೋಡೆಯುದ್ದಕ್ಕೂ ಸೂರಿನವರೆಗೆ ಜೋಡಿಸಿದ್ದ ಬಾಟಲಿಗಳ ಮೇಲೆ ಟಣ್ ಟಣ್ ಎಂದು ಬೀಳುತ್ತಿತ್ತು. ಹಸಿರು, ಕಂದು, ಜೇನುಬಣ್ಣ. ಎಂಥ ಚೆಂದ! ಆಯಿ ಬಾಟಲಿಗಳನ್ನು ನೋಡಿದಳು. ಹಿಟ್ಟಿನ ಹುಳಿ ಎಂದುಕೊಂಡಿದ್ದ ವಾಸನೆ ಅಲ್ಲಿ ಮುಖಕ್ಕೆ ರಾಚುತ್ತಿತ್ತು. ತಿರುಗಿ ಅಮ್ಮನ ಮುಖ ನೋಡಿದಳು. ಕೇಳುವುದೇನು ಉಳಿದಿತ್ತು? ಕೊರಳಲ್ಲಿದ್ದ ಲಿಂಗವನ್ನು ಸೆರಗಿನಲ್ಲಿ ಮುಚ್ಚಿ ಬಿಗಿಯಾಗಿ ಸಿಕ್ಕಿಸಿಕೊಂಡಳು. ಓಡಿಹೋಗುತ್ತಾಳೆಂದುಕೊಂಡೆ. ಅವಳು ಉದ್ದನೆಯ ಕಟ್ಟಿಗೆಯ ಕೌಂಟರನ್ನು ಈ ತುದಿಯಿಂದ ಒರೆಸಲು ಶುರುಮಾಡಿದಳು.

"ನೋ ನೀಡ್, ಆಂಟಿ, ನೋ ನೀಡ್ ಲಾ," ಎಂದು ವಿನ್ಸೆಂಟ್ ಅಂಕಲ್ ಸ್ಟೂಲು ಎಳೆದು ಕೊಡುತ್ತ ಹಿಂದೆ ಹಿಂದೆ ಬಂದರು.

"ನೀ ಸುಮ್ಮನಿರಪಾ."

ಆ ತುದಿಯವರೆಗೆ ಒರೆಸಿ, ಬಟ್ಟೆ ಹಿಂಡಿ, ಮೇಲೆ ಬಂದು ಮತ್ತೆ ಸ್ನಾನ ಮಾಡಿದಳು. ಆಮೇಲೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತವಳು ಪೂಜೆಗೆ ಏಳಲೇ ಇಲ್ಲ. ಪತ್ರಿ ಬುಟ್ಟಿಯಲ್ಲೇ ಬಾಡಿತು. ಪೂಜೆಯಿಲ್ಲವೆಂದರೆ ನೀರೂ ಇಲ್ಲ. ಅಮ್ಮ ಮೂರ್ನಾಲ್ಕು ಸಲ ಬಾಗಿಲವರೆಗೆ ಹೋಗಿ ಬಂದಳು. ನಾನು ನನ್ನ ಗೆರೆಗಳ ಊರಿನಲ್ಲಿ ಕೂತು, ಫ್ಲ್ಯಾಟಿನಲ್ಲಿ ಇಂಥ ಗೆರೆಗಳಿರುತ್ತವೆಯೇ ಎಂದು ಯೋಚಿಸಿ ಅತ್ತೆ. ಸಂಜೆ ಅಪ್ಪ ಬೂಟು ಬಿಚ್ಚುವ ಮೊದಲೇ ಆಯಿ ಮಾತು ತೆಗೆದಳು.

"ಶಿವೂ, ನೀ ನನಗ ಹೊಟೇಲ್ ಅಂದಿ."

"ಶೇಂಗಾನೂ ಮಾರ್ತಾರ ಬೇ..." ಎಂದ ಅಪ್ಪ, ಅದು ಸಾಲದೆಂದು ತಿಳಿದು, ದೊಡ್ಡ ಅಸ್ತ್ರವನ್ನೇ ತೆಗೆದರು. "ಅಲ್ಬೇ ಯವ್ವಾ, ನಮ್ಮ ಶರಣರೊಳಗ ಹೆಂಡ ಮಾರಾಂವ ಒಬ್ಬ ಇರಲಿಲ್ಲೇನು? ಅಂವಗೂ ನಾವು ಶರಣು ಅಂದವ್ರಲ್ಲೇನು?"

"ಇದ್ದ. ಅಂವ ಬಂದ ಗಿರಾಕಿಗೆ ಕುಡೀಬ್ಯಾಡೋ ಅಂತ ಬುದ್ಧಿ ಹೇಳ್ತಿದ್ದ. ಕೆಳಗಿನಾಂವ ಹಂಗ ಹೇಳ್ತಾನೇನು, ಕೇಳ್ಕೊಂಡು ಬಾ ಹೋಗು."

ಅಪ್ಪ ಹೋಗಲಿಲ್ಲ. ಸೋತವರಂತೆ ಕುರ್ಚಿಯ ಮೇಲೆ ಕುಸಿದರು.

"ಆತ್ಬೇ. ನಾಳೆನ ಬುಕಿತ್ ಬಾಟೋಕ್ ಫ್ಲ್ಯಾಟ್ ಬುಕ್ ಮಾಡ್ತೀನಿ. ನೀ ಏಳು, ಪೂಜಾ ಮಾಡು."

ಅಡಿಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನಡುಕೋಣೆಯಲ್ಲಿ ನಿಂತಳು. ಆಯಿಯ ಎದುರು ಅವಳು ತಲೆಯೆತ್ತಿ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

"ನಾ ಈ ಮನಿ ಬಿಡಾಂಗಿಲ್ಲರೀ."

"ಏನಂದಿ?"

"ಬಿಡಾಂಗಿಲ್ಲ ಅಂದೆ. ಅತ್ತ್ಯಾರ, ಸುಳ್ಳ ಹೇಳಿದ್ದು ತಪ್ಪು, ನಾನ ಹೇಳ್ಸೀನಿ, ಬೇಕಾದ್ರ ಬೈರಿ. ಆದ್ರ ಅಲ್ಲಿ ಊರಾಗ ನಾ ಎಲ್ಲಿ ಕುಂದರಬೇಕು, ಎಲ್ಲಿ ನಿಂದರಬೇಕು, ಎಲ್ಲಾ ಬ್ಯಾರೇದವ್ರ ಹೇಳ್ತಿದ್ರು. ಇಲ್ಲಿ ಯಾವ ಹಲಗಿ ಕಿರ್ ಅಂತೈತಿ, ಎಷ್ಟೊತ್ತಿಗೆ ಯಾವ ಗ್ವಾಡಿಗೆ ಬಿಸಲು ಬರತೈತಿ, ನನಗ ಗೊತ್ತು. ನಾ ಉಸರಾಡಿದ್ದು ಈ ಮನ್ಯಾಗ. ಕೆಳಗ ಅಂವ ಏನರ ಮಾರ್ಲಿ. ಇದು ನನ್ನ ಮನಿ."

ನನಗೆ ಎದ್ದು ಕುಣಿಯಬೇಕೆನಿಸಿತು, ಜೊತೆಗೇ ಓಡಿಹೋಗಿ ಬಾಗಿಲ ಹಿಂದೆ ಅವಿತುಕೊಳ್ಳಬೇಕೆಂದೂ ಅನಿಸಿತು. ಇಂದಿಗೂ ನಾನು ಯಾರ ಎದುರಾದರೂ ಇಲ್ಲ ಎನ್ನಬೇಕಾದಾಗ ಆ ಎರಡೂ ಒಟ್ಟಿಗೇ ಬರುತ್ತವೆ, ಬಂದಾಗ ನನಗೆ ಅಮ್ಮನ ಹಿಟ್ಟಿನ ಕೈ ಕಾಣುತ್ತದೆ. ಕೆಳಗೆ ಸಂಜೆಯ ಹಾಡು ಶುರುವಾಗಿ ನೆಲ ಸಣ್ಣಗೆ ಅದುರತೊಡಗಿತು. ಆಯಿ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈಗ ಬಂತು ಸಿಡಿಲು ಎಂದುಕೊಂಡೆ. ಬಂದದ್ದು ಸಣ್ಣ ದನಿ.

"ನಮ್ಮ ಮನಿ ಹಿಸ್ಸೆ ಆದಾಗ, ನನ್ನ ಅಡಗಿ ಮನಿ ನಟ್ಟನಡುವ ಗ್ವಾಡಿ ಎತ್ತಿದ್ರು. ನಾ ಮಣ್ಣು ಮೆತ್ತಿ ಮಾಡಿದ ಒಲಿ ಆ ಕಡೆ ಹೋತು. ನಾ ಅಲ್ಲೇ ನಿಂತಿದ್ದೆ, ಈಗ ನೀ ನಿಂತೀಯಲ್ಲ, ಹಿಂಗ. ಬಾಯಿ ತೆಗೀಲಿಲ್ಲ."

ಆಯಿ ಮಂಚದಿಂದ ಇಳಿದಳು. ಮುಖ ತೊಳೆದು, ವಿಭೂತಿ ಧರಿಸಿ, ನಡುಕೋಣೆಯ ಹಲಗೆಗಳ ಮೇಲೆ ಮಣೆ ಹಾಕಿಕೊಂಡು ಕೂತಳು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಹನಿ ನೆಲಕ್ಕೆ ಬೀಳದಂತೆ ಕೈಯ ಕೆಳಗೆ ಬಟ್ಟಲಿಟ್ಟು, ಅರ್ಧ ಕಣ್ಣು ಮುಚ್ಚಿದಳು. ಕೆಳಗಿನ ಹಾಡು ಎಷ್ಟು ಏರಿದರೂ ಅವಳ ಅಂಗೈ ಅಲುಗಲಿಲ್ಲ. ಪೂಜೆ ಮುಗಿದಾಗ ಅಮ್ಮ ತಾಟು ತಂದಿಟ್ಟು, ಎಂದಿನಂತೆ ಒಂದು ಹೆಜ್ಜೆ ಹಿಂದೆ ಸರಿದು ಬಡಿಸಲು ನಿಂತಳು. ಆಯಿ ರೊಟ್ಟಿ ಮುರಿಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಇನ್ನೊಂದು ತಾಟು ತಗೊಂಬಾ. ಮನಿ ನಿಂದು ಅಂದ ಮ್ಯಾಲ ನೀ ಯಾಕ ನಿಂತೀ? ಕೂಡು."

ಅಮ್ಮ ಕೂತಳು. ಇಬ್ಬರೂ ಅಕ್ಕಪಕ್ಕ ಕೂತು ತಮ್ಮ ತಮ್ಮ ತಾಟು ನೋಡುತ್ತಿದ್ದರು. ಇನ್ನು ಬಡಿಸುವವರು ಯಾರು ಎಂದು ನಾನು ಸುತ್ತ ನೋಡುವಷ್ಟರಲ್ಲಿ ಅಪ್ಪ, ಇನ್ನೂ ಬೂಟು ಬಿಚ್ಚದ ಅಪ್ಪ, ಗಡಬಡಿಸಿ ಬೂಟು ಕಳಚಿ, ಅಡಿಗೆಮನೆಗೆ ಹೋಗಿ ಪಲ್ಲೆಯ ಪಾತ್ರೆ ಎತ್ತಿಕೊಂಡು ಬಂದರು.